ಅಪ್ಪನಿಗೆ 18 ತಿಂಗಳು ಲೆಕಾನೆಮ್ಯಾಬ್ ಕೊಡಿಸಿದ ಮೇಲೆ

ಮೊದಲೇ ಹೇಳಿಬಿಡ್ತೀನಿ, ಐದಕ್ಕೆ ಮೂರು ಸ್ಟಾರ್. ಔಷಧಿಗೆ ಮೂರೂವರೆ ಕೊಡಬಹುದಿತ್ತು. ಡ್ರಿಪ್ ಹಾಕುವ ಸೆಂಟರ್‌ನವರು ಅರ್ಧ ಕಳೆದರು, ಅದನ್ನು ಆಮೇಲೆ ಹೇಳುತ್ತೇನೆ.

ಇದು ಆಲ್‌ಝೈಮರ್‌ನ ಆರಂಭದ ಹಂತದಲ್ಲಿ ಇರುವವರಿಗೆ ಮಾತ್ರ ಕೊಡುವ ಔಷಧಿ. ಮಾತ್ರೆ ಅಲ್ಲ, ಹದಿನೈದು ದಿನಕ್ಕೊಮ್ಮೆ ಕೈಗೆ ಸೂಜಿ ಚುಚ್ಚಿ ಸುಮಾರು ಒಂದು ಗಂಟೆ ಡ್ರಿಪ್. ನಮ್ಮದು ಬುಧವಾರ. ಎರಡನೇ ಸಲದಿಂದ ಅಪ್ಪನಿಗೆ ಅರ್ಧ ತೋಳಿನ ಬಿಳಿ ಶರ್ಟ್ ಹಾಕಿಸಿ ಕರೆದುಕೊಂಡು ಹೋಗುತ್ತಿದ್ದೆ. ಮೊದಲ ದಿನ ತುಂಬು ತೋಳಿನ ಬಿಗಿ ಶರ್ಟ್‌ನಲ್ಲಿ ಪಟ್ಟ ಪಾಡು ಸಾಕಾಗಿತ್ತು. ಶುರು ಮಾಡುವವರಿಗೆ ನನ್ನ ಮೊದಲ ಟಿಪ್ಸ್ ಇದೇ.

ಔಷಧಿ ಮಾಡುವ ಕೆಲಸ ಒಂದೇ, ಮಿದುಳಿನಿಂದ ಅಮಿಲಾಯ್ಡ್ ಬೀಟಾ ತೆಗೆಯುವುದು. ಇದೇನೋ ಹೊರಗಿಂದ ಬಂದ ವಿಷ ಅಂದುಕೊಂಡಿದ್ದೆ ನಾನು. ಅಲ್ಲವಂತೆ. ನರಕೋಶಗಳ ಹೊರಪದರದಲ್ಲಿ ಎಪಿಪಿ ಅನ್ನೋ ಉದ್ದನೆಯ ಪ್ರೋಟೀನ್ ಇರುತ್ತದೆ, ಎರಡು ಕಿಣ್ವಗಳು ಅದನ್ನು ಎರಡು ಕಡೆ ಕತ್ತರಿಸಿದಾಗ ಬೀಳುವ ಚೂರೇ ಅಮಿಲಾಯ್ಡ್ ಬೀಟಾ. ನಿಮ್ಮ ತಲೆಯಲ್ಲೂ ನನ್ನ ತಲೆಯಲ್ಲೂ ದಿನಾ ಹುಟ್ಟುತ್ತದೆ, ದಿನಾ ತೊಳೆದುಹೋಗುತ್ತದೆ. 40 ಅಮೈನೋ ಆಮ್ಲಗಳ ಚೂರು ಅಷ್ಟಾಗಿ ಕಾಟ ಕೊಡುವುದಿಲ್ಲ. 42ರದ್ದಕ್ಕೆ ಅಂಟು ಜಾಸ್ತಿ. ಅವು ಒಂದಕ್ಕೊಂದು ಅಂಟಿ ಮೊದಲು ಸಣ್ಣ ಗುಂಪಾಗಿ, ಆಮೇಲೆ ಎಳೆಯಾಗಿ, ಕೊನೆಗೆ ನರಕೋಶಗಳ ನಡುವೆ ಕೂತುಬಿಡುವ ಪ್ಲಾಕ್ ಆಗುತ್ತವೆ. 1906ರಲ್ಲಿ ಡಾಕ್ಟರ್ ಆಲ್‌ಝೈಮರ್ ಸೂಕ್ಷ್ಮದರ್ಶಕದಲ್ಲಿ ಕಂಡಿದ್ದೆಂದು ವರದಿ ಮಾಡಿದ್ದು ಇವುಗಳನ್ನೇ. ಲೆಕಾನೆಮ್ಯಾಬ್ ಅನ್ನೋದು ಪ್ರತಿಕಾಯ. ಗುಂಪಾದದ್ದನ್ನು, ಅದರಲ್ಲೂ ಪೂರ್ತಿ ಎಳೆಯಾಗುವ ಮುಂಚಿನ ಪ್ರೋಟೋಫೈಬ್ರಿಲ್‌ಗಳನ್ನು ಹುಡುಕಿ ಹಿಡಿಯುತ್ತದೆ.

ಆ ಕೆಲಸ ಮಾಡ್ತಾ? ಮಾಡಿತು, ಅದರಲ್ಲಿ ದೂರೇ ಇಲ್ಲ. ಪೆಟ್ ಸ್ಕ್ಯಾನ್‌ನಲ್ಲಿ ಅಮಿಲಾಯ್ಡನ್ನು ಸೆಂಟಿಲಾಯ್ಡ್ ಅನ್ನೋ ಲೆಕ್ಕದಲ್ಲಿ ಹೇಳುತ್ತಾರೆ. ಆರೋಗ್ಯವಂತ ಯುವಕರಲ್ಲಿ ಅದು 0ರ ಹತ್ತಿರ, ಆಲ್‌ಝೈಮರ್ ಇರುವವರಲ್ಲಿ 100ರ ಆಸುಪಾಸು. ಅಪ್ಪನದು 82 ಇತ್ತು, 18 ತಿಂಗಳಿಗೆ 21ಕ್ಕೆ ಇಳಿಯಿತು. ಡಾಕ್ಟರ್ ಎರಡೂ ಸ್ಕ್ಯಾನ್ ಪಕ್ಕಪಕ್ಕ ಇಟ್ಟು ತೋರಿಸಿದರು. ಒಂದರ ತುಂಬಾ ಕೆಂಪು, ಇನ್ನೊಂದು ಹೆಚ್ಚುಕಮ್ಮಿ ಖಾಲಿ. ಅಪ್ಪ ಸ್ವಲ್ಪ ಹೊತ್ತು ನೋಡಿ, "ಇದರಲ್ಲಿ ನನ್ನದು ಯಾವುದು?" ಅಂದರು. ಎರಡೂ ನಿಮ್ಮದೇ ಅಪ್ಪ ಅಂದೆ. ಮನೆಗೆ ಬರುವ ದಾರಿಯಲ್ಲಿ ಅದೇ ಪ್ರಶ್ನೆಯನ್ನು ಇನ್ನೂ ಎರಡು ಸಲ ಕೇಳಿದರು.

ಸೆಂಟರ್‌ನವರ ಮೇಲೆ ನನ್ನ ಸಿಟ್ಟು ಇಲ್ಲೇ. ಶುರುವಿನಲ್ಲಿ "27 ಪರ್ಸೆಂಟ್" ಅಂತ ಹೇಳಿ ಸಹಿ ಹಾಕಿಸಿಕೊಂಡರು. ಅದು 27 ಪರ್ಸೆಂಟ್ ವಾಸಿಯಾಗುವುದಲ್ಲ, ಕೆಡುವ ವೇಗ ಅಷ್ಟು ಕಡಿಮೆ ಅಂತ ಯಾರೂ ಕೂರಿಸಿ ಹೇಳಲಿಲ್ಲ. 1795 ಜನರ ಮೇಲೆ ನಡೆದ ಪ್ರಯೋಗದಲ್ಲಿ, 18 ಅಂಕದ ಒಂದು ಅಳತೆಯಲ್ಲಿ, ಬರೀ ಡಮ್ಮಿ ಡ್ರಿಪ್ ಪಡೆದವರು ಒಂದೂವರೆ ವರ್ಷದಲ್ಲಿ 1.66 ಅಂಕದಷ್ಟು ಕೆಟ್ಟರು, ಈ ಔಷಧಿ ಪಡೆದವರು 1.21. ವ್ಯತ್ಯಾಸ ಅರ್ಧ ಅಂಕವೂ ಇಲ್ಲ. ಅದು ಸೊನ್ನೆಯೂ ಅಲ್ಲ ಅನ್ನಿ. ಆದರೆ ಮನೆಯವರ ಕಣ್ಣಿಗೆ ಅದು ಕಾಣುವುದಿಲ್ಲ, ಯಾಕಂದರೆ ಔಷಧಿ ಕೊಡದ ಅಪ್ಪ ನಮ್ಮ ಮುಂದೆ ಇಲ್ಲವಲ್ಲ, ಹೋಲಿಸುವುದು ಯಾರ ಜೊತೆ?

ಹಾಗಾದರೆ ಅಮಿಲಾಯ್ಡ್ ಸುಮ್ನೆ ಆಪಾದನೆ ಹೊತ್ತಿದೆಯಾ? ಇಲ್ಲ. ಎಪಿಪಿಯ ಜೀನ್ ಇರುವುದು 21ನೇ ಕ್ರೋಮೋಸೋಮ್‌ನಲ್ಲಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ಆ ಕ್ರೋಮೋಸೋಮ್ ಒಂದು ಹೆಚ್ಚಿಗೆ ಇರುತ್ತದೆ, ನಲವತ್ತರ ಹೊತ್ತಿಗೆ ಅವರಲ್ಲಿ ಬಹುತೇಕ ಎಲ್ಲರ ಮಿದುಳಲ್ಲೂ ಪ್ಲಾಕ್. ಅದೇ ಜೀನ್‌ನಲ್ಲಿ ಅಮಿಲಾಯ್ಡ್ ಕಡಿಮೆ ಮಾಡುವ ಒಂದು ಅಪರೂಪದ ಬದಲಾವಣೆ ಐಸ್‌ಲ್ಯಾಂಡಿನ ಕೆಲವರಲ್ಲಿದೆ, ಅದು ಅವರನ್ನು ಈ ಕಾಯಿಲೆಯಿಂದ ಕಾಪಾಡುತ್ತದೆ ಅಂತ 2012ರಲ್ಲಿ ಗೊತ್ತಾಯಿತು. ಶುರು ಮಾಡುವುದು ಅಮಿಲಾಯ್ಡೇ ಇರಬೇಕು. ಆದರೆ ಅದು ಕೂಡಲು ಶುರುವಾಗುವುದು ಮರೆವು ಕಾಣಿಸುವ 15-20 ವರ್ಷ ಮುಂಚೆ. ಅಷ್ಟರಲ್ಲಿ ನರಕೋಶದ ಒಳಗೆ ಟೌ ಅನ್ನೋ ಇನ್ನೊಂದು ಪ್ರೋಟೀನ್ ಸಿಕ್ಕುಸಿಕ್ಕಾಗಿರುತ್ತದೆ, ಮರೆವು ಹೆಚ್ಚಾಗಿ ಟೌ ಹರಡಿದ ದಾರಿಯಲ್ಲೇ ಬರುತ್ತದೆ. ಪ್ಲಾಕ್ ತುಂಬಿಕೊಂಡೂ ಚೆನ್ನಾಗಿಯೇ ಓಡಾಡಿಕೊಂಡಿರುವ ವಯಸ್ಸಾದವರು ಎಷ್ಟೋ ಜನ ಇದ್ದಾರೆ. ಗೆದ್ದಲು ತೆಗೆದರೂ ಅದು ತಿಂದ ಮರ ವಾಪಸ್ ಬರಲ್ಲ, ಅಲ್ವಾ, ಅಪ್ಪನ ವಿಷಯದಲ್ಲಿ ನನಗೆ ಅರ್ಥವಾಗಿದ್ದು ಅಷ್ಟು.

ಅಡ್ಡ ಪರಿಣಾಮದ ಬಗ್ಗೆ ಹಗುರಾಗಿ ಇರಬೇಡಿ. ಮೊದಲ ಡ್ರಿಪ್ ದಿನ ರಾತ್ರಿ ಅಪ್ಪನಿಗೆ ಜ್ವರ, ನಡುಕ, ಬೆಳಿಗ್ಗೆಗೆ ಹೋಯಿತು. ಅದು ಕಾಲುಭಾಗ ಜನಕ್ಕೆ ಆಗುತ್ತದಂತೆ. ನಿಜವಾಗಿ ಹೆದರಬೇಕಾದದ್ದು ಎಆರ್‌ಐಎ, ಅಂದರೆ ಮಿದುಳಿನಲ್ಲಿ ಊತ ಅಥವಾ ಸಣ್ಣ ರಕ್ತಸ್ರಾವ. ಅಮಿಲಾಯ್ಡ್ ರಕ್ತನಾಳದ ಗೋಡೆಯಲ್ಲೂ ಇರುವುದರಿಂದ ಅದನ್ನು ಕೀಳುವಾಗ ನಾಳ ಸೋರುತ್ತದೆ ಅನ್ನುತ್ತಾರೆ. ಪ್ರಯೋಗದಲ್ಲಿ 12.6 ಪರ್ಸೆಂಟ್ ಜನರಿಗೆ ಊತ ಬಂದಿತ್ತು, ಹೆಚ್ಚಿನವರಿಗೆ ಗೊತ್ತೇ ಆಗಲಿಲ್ಲ, ಆದರೆ ಜೀವಕ್ಕೆ ಬಂದ ಕೇಸುಗಳೂ ಇವೆ. ಎಪಿಒಇ4 ಅನ್ನೋದು ಆಲ್‌ಝೈಮರ್ ಬರುವ ಸಾಧ್ಯತೆ ಹೆಚ್ಚಿಸುವ ಜೀನ್, ಅದು ತಂದೆ ತಾಯಿ ಎರಡೂ ಕಡೆಯಿಂದ ಬಂದವರಲ್ಲಿ ಮೂವರಿಗೆ ಒಬ್ಬರಂತೆ ಊತ ಕಂಡಿತ್ತು. ಅಪ್ಪನ ಜೀನ್ ರಿಪೋರ್ಟ್ ನಮ್ಮ ಕೈಗೆ ಸಿಕ್ಕಿದ್ದು ಮೂರನೇ ಡೋಸ್ ಆದ ಮೇಲೆ! ಒಂದು ಕಡೆಯಿಂದ ಮಾತ್ರ ಬಂದಿತ್ತು, ಬಚಾವಾದೆವು. ನೀವು ರಿಪೋರ್ಟ್ ನೋಡದೆ ಸಹಿ ಹಾಕಬೇಡಿ. ರಕ್ತ ತೆಳುವಾಗಿಸುವ ಔಷಧಿ ತಗೊಳ್ತಿದ್ದರೆ ಮೊದಲೇ ಹೇಳಿ, ಎಂಆರ್‌ಐ ಒಂದನ್ನೂ ತಪ್ಪಿಸಬೇಡಿ. ಏಳನೇ ಡೋಸ್‌ಗೆ ಮುಂಚಿನ ಎಂಆರ್‌ಐಯಲ್ಲಿ ಅಪ್ಪನಿಗೆ ಚಿಕ್ಕ ಊತ ಕಂಡು ಎರಡು ತಿಂಗಳು ನಿಲ್ಲಿಸಿದ್ದರು. ಅವರಿಗೆ ತಲೆನೋವು ಕೂಡ ಬಂದಿರಲಿಲ್ಲ.

ನರ್ಸ್‌ಗಳಿಗೆ ಮಾತ್ರ ಪೂರ್ತಿ ಐದು ಸ್ಟಾರ್. ಈಗ ತಿಂಗಳಿಗೊಂದು ಡೋಸ್ ಸಾಕು ಅಂದಿದ್ದಾರೆ, ನಮಗೂ ಸುಸ್ತು ಕಡಿಮೆ. ಅಪ್ಪ ಒಬ್ಬರೇ ಇದನ್ನು ಒಪ್ಪಿಲ್ಲ. ಪ್ರತಿ ಬುಧವಾರ ಬೆಳಿಗ್ಗೆ ಅರ್ಧ ತೋಳಿನ ಶರ್ಟ್ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿರುತ್ತಾರೆ.