ಪೇಪರ್ ಬುಟ್ಟಿನಾ, ಮೆಂತ್ಯದ ಡಬ್ಬಿನಾ, ಚೌಕಾಬಾರನಾ?

ರಜೆ ಶುರುವಾದ ಮೂರನೇ ದಿನವೇ ‘ಅಮ್ಮ, ಬೋರು’ ಅನ್ನೋ ರಾಗ ಶುರುವಾಯಿತು. ಮಗಳಿಗೆ 9, ಮಗನಿಗೆ 5. ನಾನೂ ಎಲ್ಲರ ಹಾಗೆ 600 ರೂಪಾಯಿ ಕೊಟ್ಟು ಒಂದು ಕ್ರಾಫ್ಟ್ ಕಿಟ್ ತಂದೆ. ಮುಕ್ಕಾಲು ಗಂಟೆಯಲ್ಲಿ ಮುಗಿಯಿತು, ಅದರಲ್ಲೂ ಅರ್ಧ ಹೊತ್ತು ಅಂಟು ಒಣಗಲಿ ಅಂತ ಕಾದಿದ್ದು. ಆಮೇಲೆ ಮನೆಯಲ್ಲಿರೋ ಸಾಮಾನಿನಲ್ಲೇ ಮೂರು ಕೆಲಸ ಮಾಡಿ ನೋಡಿದೆವು.

ಪೇಪರ್ ಬುಟ್ಟಿ ಅತ್ತೆಯ ಸಲಹೆ. ಹಳೇ ಪೇಪರನ್ನು ಚೂರು ಚೂರು ಹರಿದು ಎರಡು ದಿನ ನೆನೆಹಾಕಬೇಕು. ಒಂದು ಹಿಡಿ ಮೆಂತ್ಯ ಬೇರೆ ನೆನೆಸಿ, ಪೇಪರ್ ಹಿಂಡಿಕೊಂಡು ಎರಡನ್ನೂ ನುಣ್ಣಗೆ ರುಬ್ಬಬೇಕು. ಮೆಂತ್ಯದ ಲೋಳೆಯೇ ಅಂಟು, ಫೆವಿಕಾಲ್ ಬೇಡ. ಬೋರಲು ಹಾಕಿದ ಪಾತ್ರೆಗೆ ಹಳೇ ಬಟ್ಟೆ ಸುತ್ತಿ ಅದರ ಮೇಲೆ ಮೆತ್ತುವುದು. ಹರಿಯೋದು, ಕಲಸೋದು, ಮೆತ್ತೋದು ಅಂದರೆ ಮಕ್ಕಳಿಗೆ ಹಬ್ಬ. ರುಬ್ಬೋದು ಮಾತ್ರ ನಮ್ಮ ಪಾಲಿಗೆ. ನಾನು ಆತುರಕ್ಕೆ ನೀರು ಕಡಿಮೆ ಹಾಕಿ ಜಾರ್ ತುಂಬಾ ತುಂಬಿಸಿದ್ದಕ್ಕೆ ಮಿಕ್ಸಿ ಬಿಸಿಯಾಗಿ ನಿಂತೇ ಹೋಯಿತು. ಅತ್ತೆ ‘ನಾವು ಒರಳಲ್ಲಿ ರುಬ್ತಿದ್ವಮ್ಮ’ ಅಂದು ಸುಮ್ಮನಾದರು. ಅಷ್ಟು ಮಾಡಿ ತಾರಸಿಯ ಮೇಲೆ ಒಣಗೋಕೆ ಇಟ್ಟರೆ ಸಂಜೆ ಮಾವಿನ ಮಳೆ ಬಂದು ಬುಟ್ಟಿ ಕುಸಿದು ರೊಟ್ಟಿಯಾಯಿತು! ಎರಡನೆಯದು ಐದು ದಿನ ಒಣಗಿ ಗಟ್ಟಿಯಾಗಿದೆ, ಈಗ ಅದರಲ್ಲಿ ಬೆಳ್ಳುಳ್ಳಿ ಇಟ್ಟಿದ್ದೇನೆ.

ಮೆಂತ್ಯದ ಡಬ್ಬಿಯಲ್ಲಿ ಇಷ್ಟೆಲ್ಲ ರಗಳೆ ಇಲ್ಲ. ಸ್ವೀಟ್ ಡಬ್ಬಿಯ ತಳಕ್ಕೆ ತೂತು ಮಾಡಿ, ಎರಡು ಇಂಚು ಮಣ್ಣು ತುಂಬಿ, ರಾತ್ರಿ ನೆನೆಸಿದ ಮೆಂತ್ಯ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿದರೆ ಆಯಿತು. ಮೂರನೇ ದಿನ ಮೊಳಕೆ ತಲೆ ಎತ್ತಿದಾಗ ಚಿಕ್ಕವನ ಮುಖ ನೋಡಬೇಕಿತ್ತು. ಒಂದು ಡಬ್ಬಿಗೆ ಪ್ರೀತಿ ಜಾಸ್ತಿಯಾಗಿ ಗಂಟೆಗೊಂದು ಸಲ ನೀರು ಹಾಕಿ ಕೊಳೆಸಿದ, ಇನ್ನೊಂದು ಬದುಕಿತು. 12ನೇ ದಿನ ಎಳೇ ಸೊಪ್ಪು ಕತ್ತರಿಸಿ ಚಪಾತಿ ಹಿಟ್ಟಿಗೆ ಹಾಕಿದೆ. ಸೊಪ್ಪು ಅಂದರೆ ಓಡೋ ಹುಡುಗ ‘ನಂದು’ ಅಂತ ಎರಡು ತಿಂದ. ಆದರೆ ಇದು ದಿನಕ್ಕೆ ಐದು ನಿಮಿಷದ ಕೆಲಸ. ಉಳಿದ ಹೊತ್ತಿಗೆ ಮತ್ತೆ ಅದೇ ‘ಬೋರು’.

ಚೌಕಾಬಾರ ಅಂದರೆ ಕವಡೆ ಹಾಕಿ ಕಾಯಿ ನಡೆಸೋ ಆಟ, ಅದನ್ನು ಮಾಡೋಕೆ ಒಂದು ಮಧ್ಯಾಹ್ನ ಸಾಕು. ರಟ್ಟಿನ ಮೇಲೆ ಅಡ್ಡಕ್ಕೆ 5, ಉದ್ದಕ್ಕೆ 5, ಒಟ್ಟು 25 ಮನೆ. ಪ್ರತಿ ಬದಿಯ ನಡುಮನೆಗೆ ಮತ್ತು ಮಧ್ಯದ ಮನೆಗೆ ಗೀಟು ಹಾಕಬೇಕು. ಕವಡೆ ಇರಲಿಲ್ಲ, ನಾಲ್ಕು ಹುಣಸೆ ಬೀಜ ತಗೊಂಡೆವು. ಬೀಜದ ಒಂದು ಬದಿಯನ್ನು ಒರಟು ಕಲ್ಲಿಗೆ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಬೇಕು. ಉಜ್ಜಿದ ಬೀಜ ಚೆನ್ನಾಗಿ ಕಾಯುತ್ತದೆ, ಅದನ್ನು ತಮ್ಮನ ತೋಳಿಗೆ ಚುರ್ ಅನಿಸೋದನ್ನು ನಾನೇ ಮಗಳಿಗೆ ಕಲಿಸಿಬಿಟ್ಟೆ, ತಪ್ಪು ನಂದೇ. ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಮನೆ ಮುಂದೆ. ನಾಲ್ಕೂ ಬಿಳಿ ಆದರೆ ಚೌಕ, ನಾಲ್ಕೂ ಕಪ್ಪು ಆದರೆ 8, ಅದೇ ಬಾರ. ಎರಡಕ್ಕೂ ಇನ್ನೊಂದು ಗರ, ಅಂದರೆ ಮತ್ತೊಮ್ಮೆ ಬೀಜ ಹಾಕೋ ಅವಕಾಶ ಸಿಗುತ್ತದೆ. ಮಗ ಕಾಯಿ ನಡೆಸುತ್ತಲೇ ಎಣಿಸೋದು ಕಲಿತ, ಮಗಳು ಎದುರಾಳಿಯ ಕಾಯಿ ಕಡಿಯೋದು ಕಲಿತಳು.

ನನ್ನನ್ನು ಕೇಳಿದರೆ ಏಳೆಂಟು ವರ್ಷ ದಾಟಿದ ಮಕ್ಕಳಿಗೆ ಕಣ್ಣು ಮುಚ್ಚಿಕೊಂಡು ಚೌಕಾಬಾರ. ಮಾಡಿದ್ದು ಎರಡು ಗಂಟೆ, ಆಡಿದ್ದು ಇಡೀ ಮೇ. ನಾಲ್ಕೈದು ವರ್ಷದವರಿಗೆ ಮೆಂತ್ಯ, ಆದರೆ ನೀರಿನ ಚೊಂಬು ನಿಮ್ಮ ಕೈಯಲ್ಲಿರಲಿ. ಬುಟ್ಟಿ ಮಾಡಲೇಬೇಕು ಅಂದರೆ ನಾಲ್ಕೈದು ದಿನ ಮಳೆ ಬರಲ್ಲ ಅಂತ ನೋಡಿಕೊಂಡು, ಮಿಕ್ಸಿಗೆ ಸ್ವಲ್ಪ ಸ್ವಲ್ಪವೇ ಹಾಕಿ.

ಅಂದಹಾಗೆ ನಾಲ್ಕೂ ಬೀಜ ಒಂದೇ ಸಮ ಉಜ್ಜಿ. ನಮ್ಮದರಲ್ಲಿ ಒಂದು ಜಾಸ್ತಿ ಸವೆದಿದೆ, ಅತ್ತೆಗೆ ಮಾತ್ರ ಯಾಕೆ ಅಷ್ಟು ಚೌಕ ಬೀಳುತ್ತೆ ಅಂತ ಮಗಳು ಇನ್ನೂ ತನಿಖೆ ಮಾಡುತ್ತಿದ್ದಾಳೆ.