ವೇಗಸ್ ನರ ಉತ್ತೇಜಕ: ನನ್ನ ತಂಗಿಗೆ ಅಳವಡಿಸಿದ ಸಾಧನ ಮತ್ತು ಅದರ ನಂತರದ ಸೇವೆ

ಸೂಕ್ತವಾದ ಎರಡು ಔಷಧಿಗಳನ್ನು ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡರೂ ಫಿಟ್ಸ್ ನಿಲ್ಲದಿದ್ದರೆ ಅದನ್ನು ಔಷಧಿಗೆ ಬಗ್ಗದ ಅಪಸ್ಮಾರ ಎನ್ನುತ್ತಾರೆ. ಮೂರ್ಛೆ ರೋಗವಿರುವವರಲ್ಲಿ ಸುಮಾರು ಮೂರನೆಯ ಒಂದು ಭಾಗದವರ ಸ್ಥಿತಿ ಇದೇ. ನಿಮ್ಹಾನ್ಸ್‌ನಲ್ಲಿ ಮಾಡಿಸಿದ ವಿಡಿಯೊ ಇಇಜಿಯಲ್ಲಿ (ರೋಗಿಯನ್ನು ಚಿತ್ರೀಕರಿಸುತ್ತಲೇ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಪರೀಕ್ಷೆ) ನನ್ನ ತಂಗಿಯ ಫಿಟ್ಸ್ ಮಿದುಳಿನ ಎರಡೂ ಬದಿಗಳಿಂದ ಹುಟ್ಟುತ್ತಿವೆ ಎಂದು ತಿಳಿದ ಮೇಲೆ, ರೋಗದ ಮೂಲವಾದ ಭಾಗವನ್ನು ತೆಗೆದುಹಾಕುವ ಶಸ್ತ್ರಚಿಕಿತ್ಸೆಯ ದಾರಿ ಮುಚ್ಚಿತು. ಉಳಿದದ್ದು ವಿಎನ್‌ಎಸ್, ಅಂದರೆ ಮಿದುಳನ್ನು ಕುತ್ತಿಗೆಯ ಮೂಲಕ ಎದೆ, ಹೊಟ್ಟೆಗಳಿಗೆ ಜೋಡಿಸುವ ವೇಗಸ್ ನರವನ್ನು ವಿದ್ಯುತ್ತಿನಿಂದ ಉತ್ತೇಜಿಸುವ ಸಾಧನ. ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಅದನ್ನು ಹಾಕಿಸಿದೆವು.

ಅಮೆರಿಕದಲ್ಲಿ ಅಪಸ್ಮಾರಕ್ಕೆ ಈ ಸಾಧನ ಅನುಮತಿ ಪಡೆದದ್ದು 1997ರಲ್ಲಿ. ಮಿದುಳನ್ನು ತೆರೆಯುವುದೇ ಇಲ್ಲ ಎಂಬುದನ್ನು ಮನೆಯ ಹಿರಿಯರಿಗೆ ಮೊದಲು ಹೇಳಬೇಕು, ಏಕೆಂದರೆ ಅವರ ಭಯವೆಲ್ಲ ಅಲ್ಲಿಯೇ ಇರುತ್ತದೆ. ಎಡ ಎದೆಯ ಮೇಲ್ಭಾಗದಲ್ಲಿ ಚರ್ಮದಡಿ ಒಂದು ಪುಟ್ಟ ಜನರೇಟರ್ ಇಟ್ಟು, ಅದರಿಂದ ಹೊರಟ ತಂತಿಯನ್ನು ಕುತ್ತಿಗೆಯಲ್ಲಿರುವ ಎಡ ವೇಗಸ್ ನರಕ್ಕೆ ಸುತ್ತುತ್ತಾರೆ. ಬಲಗಡೆಯ ನರಕ್ಕೆ ಹೃದಯದ ಬಡಿತವನ್ನು ನಿಯಂತ್ರಿಸುವ ಕೇಂದ್ರದೊಡನೆ ಹೆಚ್ಚಿನ ಸಂಬಂಧವಿರುವುದರಿಂದ ಎಡಗಡೆಯದನ್ನು ಆರಿಸಿಕೊಳ್ಳುತ್ತಾರೆ. ಸಾಮಾನ್ಯ ಹೊಂದಿಕೆಯಲ್ಲಿ ಸಾಧನ 30 ಸೆಕೆಂಡು ವಿದ್ಯುತ್ ಸ್ಪಂದನ ಕಳುಹಿಸಿ 5 ನಿಮಿಷ ಸುಮ್ಮನಿರುತ್ತದೆ, ಹಗಲಿರುಳೂ ಹೀಗೆಯೇ.

ಇದು ಫಿಟ್ಸನ್ನು ಅಳಿಸುವ ಯಂತ್ರವಲ್ಲ. ಸುಮಾರು ಅರ್ಧದಷ್ಟು ಜನರಲ್ಲಿ ಫಿಟ್ಸ್‌ಗಳ ಸಂಖ್ಯೆ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ, ಪೂರ್ತಿ ನಿಲ್ಲುವುದು ಕೆಲವೇ ಮಂದಿಗೆ, ಮಾತ್ರೆಗಳಂತೂ ಮುಂದುವರಿಯುತ್ತವೆ. ಫಲ ಕಾಣಲು ತಿಂಗಳುಗಳು, ಕೆಲವರಿಗೆ ವರ್ಷವೇ ಬೇಕಾಗುತ್ತದೆ, ಏಕೆಂದರೆ ವಿದ್ಯುತ್ತನ್ನು 0.25 ಮಿಲಿಆಂಪ್‌ನಷ್ಟು ಕಡಿಮೆಯಿಂದ ಆರಂಭಿಸಿ ರೋಗಿ ತಾಳಿಕೊಳ್ಳುವಷ್ಟೇ ಹಂತಹಂತವಾಗಿ ಏರಿಸಬೇಕು. ಮೊದಲ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿಯೂ ನಿರಾಶೆಯ ಮಾತೇ ಹೆಚ್ಚಾಗಿತ್ತು. ಈಗ ತಂಗಿಯ ಫಿಟ್ಸ್ ಸ್ಪಷ್ಟವಾಗಿ ಕಡಿಮೆಯಾಗಿವೆ, ಬಂದರೂ ಬೇಗ ಬಿಡುತ್ತವೆ, ಬಿಟ್ಟ ನಂತರ ಗಂಟೆಗಟ್ಟಲೆ ಮಂಕಾಗಿ ಮಲಗುತ್ತಿದ್ದವಳು ಸ್ವಲ್ಪ ಹೊತ್ತಿಗೆ ಎದ್ದು ಕೂರುತ್ತಾಳೆ. ನನ್ನ ದೃಷ್ಟಿಯಲ್ಲಿ ಸಾಧನದ ಬೆಲೆಯನ್ನು ಸಮರ್ಥಿಸುವುದು ಈ ಕೊನೆಯ ಬದಲಾವಣೆಯೇ.

ಸಾಧನದ ಬಗ್ಗೆ ನನಗೆ ದೂರಿಲ್ಲ. ದೂರಿರುವುದು ಅದರ ಜೊತೆಗೆ ಸಿಗಬೇಕಿದ್ದ ತಿಳಿವಳಿಕೆಯ ಬಗ್ಗೆ. ಆಸ್ಪತ್ರೆಯವರು ಕೈಗಡಿಯಾರದಂತೆ ಕಟ್ಟಿಕೊಳ್ಳುವ ಮ್ಯಾಗ್ನೆಟ್ ಕೊಟ್ಟರು, ಆದರೆ ಅದನ್ನು ಬಳಸುವ ಕ್ರಮವನ್ನು ಬಿಡುಗಡೆಯ ಗಡಿಬಿಡಿಯಲ್ಲಿ ಎರಡು ಮಾತಿನಲ್ಲಿ ಮುಗಿಸಿದರು. ಫಿಟ್ಸ್ ಬರುವ ಸೂಚನೆ ಸಿಕ್ಕಾಗ ಅದನ್ನು ಎದೆಯ ಮೇಲಿನ ಜನರೇಟರ್ ಮುಂದೆ ಒಮ್ಮೆ ಹಾಯಿಸಿದರೆ ಹೆಚ್ಚುವರಿ ಸ್ಪಂದನ ಹೊರಡುತ್ತದೆ. ಅಲ್ಲಿಯೇ ಒತ್ತಿ ಹಿಡಿದರೆ, ಹಿಡಿದಿರುವಷ್ಟು ಹೊತ್ತು ಸಾಧನ ನಿಂತಿರುತ್ತದೆ. ಸ್ಪಂದನ ನಡೆಯುವಾಗ ದನಿ ಒಡೆಯುವುದು, ಕೆಮ್ಮು, ಗಂಟಲಲ್ಲಿ ಜುಮ್ಮೆನ್ನುವುದು ಸಾಮಾನ್ಯವಾದ ಅಡ್ಡಪರಿಣಾಮಗಳು. ದೇವರನಾಮ ಹಾಡುವ ನನ್ನ ತಂಗಿ ಪಲ್ಲವಿಯ ನಡುವೆ ದನಿ ಕಟ್ಟಿ ಹಾಡನ್ನೇ ಬಿಟ್ಟಿದ್ದಳು. ಹಾಡುವಷ್ಟು ಹೊತ್ತು ಮ್ಯಾಗ್ನೆಟ್‌ನಿಂದ ಸ್ಪಂದನ ತಡೆಯಬಹುದೆಂದು ಬೇರೊಬ್ಬ ನರರೋಗ ತಜ್ಞರು ವಿವರಿಸಿದ ಮೇಲೆ ಮತ್ತೆ ಭಜನೆಗೆ ಹೋಗುತ್ತಿದ್ದಾಳೆ. ಅದೇ ವೈದ್ಯರು ವಿದ್ಯುತ್ತಿನ ಹೊಂದಿಕೆಯನ್ನೂ ತುಸು ಬದಲಿಸಿದರು, ಮಾತಾಡುವಾಗ ದನಿಯೂ ಬಹುಮಟ್ಟಿಗೆ ಸರಿಹೋಯಿತು.

ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಮಂಡಿನೋವು, ಬೆನ್ನುನೋವಿಗೆ ಫಿಸಿಯೊಥೆರಪಿ ಕೇಂದ್ರಗಳಲ್ಲಿ ಕೊಡುವ ಡಯಾಥರ್ಮಿ ಶಾಖ ಚಿಕಿತ್ಸೆ ಈ ಸಾಧನ ಹಾಕಿಸಿಕೊಂಡವರಿಗೆ ಸಲ್ಲದು, ತಂತಿ ಬಿಸಿಯಾಗಿ ನರಕ್ಕೆ ಹಾನಿಯಾಗಬಹುದು. ಎಂಆರ್‌ಐ ಮಾಡಿಸಬೇಕಾದರೆ ಸಾಧನದ ಮಾದರಿಗೆ ತಕ್ಕ ನಿಯಮಗಳಿವೆ, ಆದ್ದರಿಂದ ಸಾಧನದ ಗುರುತಿನ ಚೀಟಿ ಯಾವಾಗಲೂ ಚೀಲದಲ್ಲಿರಲಿ. ಮೆಟ್ರೊ ನಿಲ್ದಾಣದ ತಪಾಸಣೆಯಲ್ಲಿಯೂ ಅದನ್ನು ತೋರಿಸಿದರೆ ಸಿಬ್ಬಂದಿ ಕೈಯಿಂದ ಪರೀಕ್ಷಿಸಿ ಬಿಡುತ್ತಾರೆ.

ಖರ್ಚು ಹಲವು ಲಕ್ಷ ರೂಪಾಯಿ. ಒಪ್ಪಿಗೆ ಕೊಡುವ ಮುನ್ನ, ಸಾಧನದ ವಿದ್ಯುತ್ತಿನ ಹೊಂದಿಕೆ ಮಾಡುವವರು ವೈದ್ಯರೋ ಕಂಪನಿಯ ಪ್ರತಿನಿಧಿಯೋ, ಅವರು ಬೆಂಗಳೂರಿನಲ್ಲೇ ಸಿಗುತ್ತಾರೆಯೇ, ಪ್ರತಿ ಭೇಟಿಗೆ ಎಷ್ಟು ಹಣ ಎಂದು ಕೇಳಿ ತಿಳಿಯಿರಿ. ಬ್ಯಾಟರಿ ಮುಗಿದಾಗ ಜನರೇಟರ್ ಬದಲಿಸಲು ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಅದರ ಖರ್ಚನ್ನು ವಿಮೆ ಭರಿಸುವುದೇ ಎಂಬುದಕ್ಕೆ ಉತ್ತರವನ್ನು ಬರಹದಲ್ಲಿಯೇ ಪಡೆದುಕೊಳ್ಳಿ.