‘ಪ್ರೊರೋಗ್’ ಪದದ ಜಾಡು ಹಿಡಿಯುವವರಿಗೆ ಹ್ಯಾನ್ಸರ್ಡ್ ಜಾಲತಾಣ

ಸದನವನ್ನು ವಿಸರ್ಜಿಸದೆ ಅದರ ಅಧಿವೇಶನವನ್ನಷ್ಟೇ ಮುಕ್ತಾಯಗೊಳಿಸುವುದಕ್ಕೆ ‘ಪ್ರೊರೋಗ್’ ಎನ್ನುತ್ತಾರೆ. ಸಂಸತ್ತಿನ ಹೊರಗೆ ಈ ಪದ ಕಿವಿಗೆ ಬೀಳುವುದೇ ಅಪರೂಪ. ಮೂಲ ಲ್ಯಾಟಿನ್‌ನಲ್ಲಿ ಇದಕ್ಕೆ ಅವಧಿಯನ್ನು ವಿಸ್ತರಿಸುವ ಅರ್ಥವಿತ್ತು. ಪ್ರಾಚೀನ ರೋಮ್‌ನಲ್ಲಿ ಅಧಿಕಾರಾವಧಿ ತೀರಿದ ಸೇನಾಧಿಪತಿಯನ್ನು ಅದೇ ಅಧಿಕಾರದಲ್ಲಿ ಮುಂದುವರಿಸುವುದನ್ನು ಈ ಪದದಿಂದಲೇ ಕರೆಯುತ್ತಿದ್ದರು. ನಿಘಂಟು ಇಷ್ಟನ್ನು ತಿಳಿಸೀತು. ಆದರೆ ಸದಸ್ಯರು ಅದನ್ನು ಯಾವ ಸಂದರ್ಭದಲ್ಲಿ, ಯಾವ ಆತಂಕದಿಂದ ಆಡಿದರು ಎಂಬುದನ್ನು ಅರಿಯಲು ಬ್ರಿಟಿಷ್ ಸಂಸತ್ತಿನ ಕಲಾಪಗಳ ಅಧಿಕೃತ ವರದಿಯಾದ ಹ್ಯಾನ್ಸರ್ಡ್‌ನ ಜಾಲತಾಣಕ್ಕಿಂತ ಉತ್ತಮ ಸೌಲಭ್ಯವನ್ನು ನಾನು ಕಂಡಿಲ್ಲ.

ಹತ್ತೊಂಬತ್ತನೆಯ ಶತಮಾನದ ಆರಂಭದಿಂದ ಇಂದಿನವರೆಗಿನ ಚರ್ಚೆಗಳನ್ನು ಇಲ್ಲಿ ಉಚಿತವಾಗಿ ಓದಬಹುದು. ಪದವನ್ನು ನಮೂದಿಸಿ, ದಿನಾಂಕದ ಮಿತಿ ಹಾಕಿ, ಬೇಕಾದ ಸದನವನ್ನು ಆರಿಸಿಕೊಂಡರೆ ಭಾಷಣದ ಭಾಗವೇ ತೆರೆದುಕೊಳ್ಳುತ್ತದೆ. 2019ರ ಸೆಪ್ಟೆಂಬರ್ 25ರ ಕಲಾಪವನ್ನಂತೂ ತಪ್ಪದೆ ಓದಬೇಕು. ಅಧಿವೇಶನವನ್ನು ಮುಗಿಸಿದ್ದು ಕಾನೂನುಬಾಹಿರವೆಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳು ಹಿಂದಿನ ದಿನವಷ್ಟೇ ಒಮ್ಮತದಿಂದ ತೀರ್ಪಿತ್ತಿದ್ದರು. ಹಾಗಾಗಿ ಆ ಮುಕ್ತಾಯದ ನಮೂದನ್ನು ಸದನದ ದಾಖಲೆಯಿಂದ ತೆಗೆದು, ಅಂದು ಕಲಾಪವನ್ನು ಮುಂದೂಡಲಾಗಿತ್ತು ಎಂದಷ್ಟೇ ದಾಖಲಿಸಲಾಗುವುದೆಂದು ಸ್ಪೀಕರ್ ಪ್ರಕಟಿಸಿದರು. ಮುಂದೂಡುವುದಕ್ಕೂ ಮುಗಿಸುವುದಕ್ಕೂ ಇರುವ ಅಂತರ ಇಷ್ಟು ನಿಚ್ಚಳವಾಗಿ ಕಾಣುವ ಪುಟ ಮತ್ತೊಂದು ಸಿಗಲಾರದು.

ಹಳೆಯ ಸಂಪುಟಗಳನ್ನು ಮಾತ್ರ ಎಚ್ಚರದಿಂದ ಬಳಸಬೇಕು. ಮುದ್ರಿತ ಪುಟಗಳನ್ನು ಯಂತ್ರ ಓದಿ ಪಠ್ಯವಾಗಿಸಿರುವುದರಿಂದ ಅಲ್ಲಲ್ಲಿ ಅಕ್ಷರದೋಷಗಳಿವೆ. ಅದಕ್ಕಿಂತ ಮುಖ್ಯವಾಗಿ, 1909ಕ್ಕೆ ಮುಂಚಿನ ವರದಿಗಳನ್ನು ಬಹುಮಟ್ಟಿಗೆ ಪತ್ರಿಕೆಗಳ ಸುದ್ದಿಯನ್ನು ಆಧರಿಸಿ, ಎಷ್ಟೋ ಕಡೆ ಪರೋಕ್ಷ ಧಾಟಿಯಲ್ಲಿ ಬರೆಯಲಾಗಿದೆ; ಅಲ್ಲಿ ಕಾಣುವ ಪದ ಸದಸ್ಯರದೋ ವರದಿಗಾರರದೋ ಎಂದು ಖಚಿತವಾಗಿ ಹೇಳಲಾಗದು. ಪದಬಳಕೆಯ ಇತಿಹಾಸ ಬರೆಯುವವರಿಗೆ ಇದು ಸಣ್ಣ ತೊಡಕಲ್ಲ, ಮತ್ತು ಹುಡುಕಾಟದ ಪುಟದಲ್ಲೇ ಈ ಸೂಚನೆ ಎದ್ದು ಕಾಣುವಂತಿರಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ನಮ್ಮ ಸಂವಿಧಾನದ 85 ಮತ್ತು 174ನೇ ವಿಧಿಗಳ ಇಂಗ್ಲಿಷ್ ಪಠ್ಯದಲ್ಲೂ ಇದೇ ಪದವಿದ್ದು, ಈ ಅಧಿಕಾರವನ್ನು ಕ್ರಮವಾಗಿ ರಾಷ್ಟ್ರಪತಿಗೂ ರಾಜ್ಯಪಾಲರಿಗೂ ಕೊಡಲಾಗಿದೆ. ಆದರೆ ಬ್ರಿಟನ್ನಿನಲ್ಲಿ, ಮುಂದಿನ ಅಧಿವೇಶನಕ್ಕೆ ಒಯ್ಯಲು ಒಪ್ಪಿಗೆ ಪಡೆದವನ್ನು ಬಿಟ್ಟರೆ, ಬಾಕಿ ಉಳಿದ ಸರ್ಕಾರಿ ಮಸೂದೆಗಳು ಪ್ರೊರೋಗ್ ಆದೊಡನೆ ಬಿದ್ದುಹೋಗುತ್ತವೆ. ಅಲ್ಲಿನ ಚರ್ಚೆಗಳಲ್ಲಿ ಕಾಣುವ ಧಾವಂತಕ್ಕೆ ಇದೂ ಒಂದು ಕಾರಣ. ನಮ್ಮಲ್ಲಿ 107ನೇ ವಿಧಿಯ ಮೂರನೇ ಉಪಖಂಡವು ಸಂಸತ್ತಿನ ಮಸೂದೆಗಳನ್ನು ಹಾಗೆ ಬೀಳಗೊಡುವುದಿಲ್ಲ.